ರಣ ಖಾಲಿ ಬಿದ್ದಿಲ್ಲ ಮಾರಾಯ್ರೇ

ಡಿಸೆಂಬರ್ ಹತ್ತಿರ ಬಂತೆಂದರೆ ನಮ್ಮ ಕಳವಾ, ಡೊಂಬಿವಲಿ, ಐರೋಲಿ ಕಡೆಯ ಕನ್ನಡದ ಹುಡುಗರಿಗೆ ಒಂದು ಜ್ವರ ಬರುತ್ತದೆ. ಮೊದಲು ಗೋವಾ ಜ್ವರ ಇತ್ತು. ಆಮೇಲೆ ಲಡಾಖ್ ಜ್ವರ. ಈಗ ಕಚ್ಛ್. ಬೈಕು, ಟೆಂಟು, ಸ್ಲೀಪಿಂಗ್ ಬ್ಯಾಗು, ತಲೆ ಮೇಲೊಂದು ಕ್ಯಾಮೆರಾ. ಈ ಸಲದ ಪ್ಲ್ಯಾನು ನನ್ನ ಮೊಬೈಲಿಗೂ ಬಂತು, "ಅಂಕಲ್, ನೀವು ಹೋಗಿ ಬಂದವರು, ಒಮ್ಮೆ ನೋಡಿ ಹೇಳಿ" ಅನ್ನುವ ವಿನಯದ ಜೊತೆ. ನೋಡಿದೆ. ಹೇಳುತ್ತಿದ್ದೇನೆ. ನನ್ನ ಕಡೆ ವಿನಯ ಸ್ವಲ್ಪ ಕಡಿಮೆ, ಬೇಜಾರು ಮಾಡ್ಕೋಬೇಡಿ.

ಆರು ಬೈಕು, ಒಂಬತ್ತು ದಿನ. (ಆರರಲ್ಲಿ ಎರಡು ಹುಡುಗಿಯರವು. ಅದೊಂದು ನನಗೆ ತುಂಬಾ ಖುಷಿ ಆಯ್ತು.) ಎರಡು ದಿನ ಹೆದ್ದಾರಿ. ಮೂರನೇ ದಿನ ಪಾಟಡಿ ಹತ್ತಿರ ಚಿಕ್ಕ ರಣಕ್ಕೆ ಇಳಿಯುವುದು, ಜಿಪಿಎಸ್‌ನಲ್ಲಿ ಒಂದು ನೇರ ಗೆರೆ ಎಳೆದು ಆಚೆ ದಡದ ಆಡೇಸರ್‌ನಲ್ಲಿ ಏಳುವುದು. ನಡುವೆ ಎಲ್ಲಿ ಕತ್ತಲಾಗುತ್ತೋ ಅಲ್ಲಿ ಟೆಂಟು, ಬೆಂಕಿ, ಗಿಟಾರು. ಆಮೇಲೆ ಧೋಲಾವೀರಾ, ಖಾವಡಾ, ಬಿಳಿ ರಣ. ಆ ಮೂರನೇ ದಿನದ ಮುಂದೆ ಒಂದು ಷರಾ ಬರೆದಿದ್ದಾರೆ: "ಟೋಟಲಿ ಎಂಪ್ಟಿ. ನೋ ರೋಡ್, ನೋ ರೂಲ್ಸ್."

ನನ್ನ ಜಗಳ ಇಷ್ಟೇ, ಈ ಒಂದು ಸಾಲಿನ ಜೊತೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಬೈಕಿನ ವಿರೋಧಿ ಅಲ್ಲ. ಘೋಡ್‌ಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ದಿನಾ ಬೇಯುವವನಿಗೆ ನಾಲ್ಕು ದಿನ ಎದುರಿಗೆ ಯಾರೂ ಇಲ್ಲದ ದಾರಿ ಸಿಕ್ಕರೆ ಏನನ್ನಿಸುತ್ತದೆ ಅಂತ ನನಗೂ ಗೊತ್ತು. ಆದರೆ 'ಯಾರೂ ಇಲ್ಲದ ದಾರಿ' ಬೇರೆ, 'ಯಾರೂ ಇಲ್ಲದ ನೆಲ' ಬೇರೆ. ಎರಡನೆಯದು ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ರಣ ಅಂದ ಕೂಡಲೇ ನಮಗೆ ಯುದ್ಧ, ರಣಬಿಸಿಲು ನೆನಪಾಗುತ್ತದೆ. ಗುಜರಾತಿಗಳ ರಣ್ ಅದಲ್ಲ. ಸಂಸ್ಕೃತದ 'ಇರಿಣ'ದಿಂದ ಬಂದದ್ದು ಅನ್ನುತ್ತಾರೆ, ಅಂದರೆ ಉಪ್ಪುನೆಲ, ನಮ್ಮ ಚೌಳುನೆಲ. ಇದು ರಾಜಸ್ಥಾನದ ಹಾಗೆ ಮರಳಿನ ದಿಬ್ಬಗಳ ಮರುಭೂಮಿಯೇ ಅಲ್ಲ. ಒಂದು ಕಾಲಕ್ಕೆ ಸಮುದ್ರದ ತೋಳಾಗಿತ್ತು. ಈಗಲೂ ಮಳೆಗಾಲದಲ್ಲಿ ಬನಾಸ್, ರೂಪೇಣ್ ನದಿಗಳ ನೀರು ಒಂದು ಕಡೆಯಿಂದ, ಸೂರಜಬಾರಿ ಖಾಡಿಯಿಂದ ಸಮುದ್ರದ ನೀರು ಇನ್ನೊಂದು ಕಡೆಯಿಂದ ನುಗ್ಗಿ ಎಲ್ಲವೂ ಕೆರೆಯಾಗುತ್ತದೆ. ಅಕ್ಟೋಬರಿನ ನಂತರ ನೀರು ಇಳಿದು ನೆಲ ಹೊರಬರುತ್ತದೆ, ಬಿರುಕು ಬಿಡುತ್ತದೆ. ನಿಮ್ಮ ಯೂಟ್ಯೂಬಿನಲ್ಲಿ ಕಾಣುವುದು ಆ ಬಿರುಕು ಬಿಟ್ಟ ಮೇಲ್ಪದರ ಮಾತ್ರ.

ನಮ್ಮ ಕುಮಟಾ, ಗೋಕರ್ಣದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಜನಿ ಗದ್ದೆಗೆ ಇಳಿದವನಿಗೆ ಗೊತ್ತು, ಮೇಲೆ ಒಣಗಿದ ಮಣ್ಣು, ಮೂರು ಹೆಜ್ಜೆ ಇಟ್ಟರೆ ಮೊಣಕಾಲ ಮಟ್ಟ ಕೆಸರು. ರಣವೂ ಹಾಗೆಯೇ. ಮೇಲೆ ಬಿಸ್ಕೆಟ್ ತರಹ ಗಟ್ಟಿ, ಕೆಳಗೆ ಜೇಡಿ. ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಅಂತ ಜಿಪಿಎಸ್ ಹೇಳುವುದಿಲ್ಲ. ಇನ್ನೂರು ಕಿಲೋ ಬೈಕು, ಮೇಲೆ ನೀವು, ಹಿಂದೆ ನಲವತ್ತು ಕಿಲೋ ಸಾಮಾನು. ಹಿಂದಿನ ಚಕ್ರ ಒಮ್ಮೆ ಹೂತರೆ ಎಕ್ಸಲರೇಟರ್ ತಿರುಗಿಸಿದಷ್ಟೂ ಕೆಳಗೇ ಹೋಗುತ್ತದೆ.

ಸರಿ, ಹೂತುಕೊಂಡಿರಿ ಅಂತ ಇಟ್ಟುಕೊಳ್ಳೋಣ. ಆಗ ಯಾರು ಬಂದು ಎಳೆಯುತ್ತಾರೆ? ನಿಮ್ಮ 'ಟೋಟಲಿ ಎಂಪ್ಟಿ' ಜಾಗದಲ್ಲಿ ವಾಸ ಮಾಡುವ ಜನ ಬಂದು ಎಳೆಯುತ್ತಾರೆ. ಅವರ ಹೆಸರು ಅಗರಿಯಾ.

ಈ ಹೆಸರಿನ ಮುಂದೆ ಸ್ವಲ್ಪ ನಿಲ್ಲಬೇಕು. ಕನ್ನಡದಲ್ಲಿ ಉಪ್ಪು ತೆಗೆಯುವ ಜಾಗಕ್ಕೆ ಏನನ್ನುತ್ತೇವೆ? ಆಗರ. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪಿನಾಗರ ಗೊತ್ತಲ್ಲ? ಉತ್ತರ ಕನ್ನಡದಲ್ಲಿ ಆಗರದಲ್ಲಿ ದುಡಿಯುತ್ತಿದ್ದ ಸಮುದಾಯದ ಹೆಸರು ಆಗೇರ. ಇಲ್ಲಿ ಮುಲುಂಡಿನಲ್ಲಿ ಮೀಠಾಗರ್ ರೋಡ್ ಇದೆ. ಠಾಣೆ, ರಾಯಗಡದ ಕಡೆ ನಮಗಿಂತ ನೂರಾರು ವರ್ಷ ಮೊದಲಿನಿಂದ ಇರುವವರು ಆಗ್ರಿಗಳು. ಆ ಹೆಸರಿಗೂ ಮೂಲ ಅದೇ ಉಪ್ಪಿನ ಆಗರ ಅನ್ನುತ್ತಾರೆ. ಕಳವಾದಲ್ಲಿ ನಮ್ಮ ಮನೆ ಎದುರಿನ ಮದುವೆ ಹಾಲಿನಲ್ಲಿ ರಾತ್ರಿ ಹನ್ನೊಂದರವರೆಗೆ ಬೆಂಜೋ ಬಾರಿಸುತ್ತಾರಲ್ಲ, ಅವರೇ. ಕಚ್ಛ್‌ನಲ್ಲಿ ಅಗರಿಯಾ. ಅರಬ್ಬೀ ಸಮುದ್ರದ ಉದ್ದಕ್ಕೂ ಒಂದೇ ಶಬ್ದ, ಒಂದೇ ಕಸುಬು. ಕನ್ನಡದವನೊಬ್ಬ ಈ ಶಬ್ದ ಕಿವಿಗೆ ಬಿದ್ದ ಮೇಲೂ ಆ ಜಾಗವನ್ನು 'ಎಂಪ್ಟಿ' ಅಂದರೆ ನನಗೆ ಸಿಟ್ಟು ಬರದೇ ಇರುತ್ತದೆಯೇ?

ಅಗರಿಯಾಗಳು ಮಳೆ ನೀರು ಇಳಿಯುತ್ತಿದ್ದ ಹಾಗೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಹೆಂಡತಿ ಮಕ್ಕಳು ಪಾತ್ರೆ ಪಗಡೆ ಸಮೇತ ರಣಕ್ಕೆ ಇಳಿಯುತ್ತಾರೆ. ಏಪ್ರಿಲ್ ತನಕ ಅಲ್ಲೇ ಗುಡಿಸಲು. ಕುಡಿಯುವ ನೀರು ಟ್ಯಾಂಕರಿನಲ್ಲಿ ಬರಬೇಕು. ನೆಲದಡಿಯ ಉಪ್ಪುನೀರಿಗೆ ಬಾವಿ ತೋಡುತ್ತಾರೆ, ಪಂಪಿನಿಂದ ಮೇಲೆತ್ತುತ್ತಾರೆ. ಮೊದಲು ಎಲ್ಲವೂ ಡೀಸೆಲ್ ಪಂಪು, ದುಡಿದದ್ದರಲ್ಲಿ ದೊಡ್ಡ ಪಾಲು ಡೀಸೆಲ್ಲಿಗೇ ಹೋಗುತ್ತಿತ್ತು. ಈಗ ಸರ್ಕಾರದ ಸಬ್ಸಿಡಿಯಲ್ಲಿ ಸೋಲಾರ್ ಪಂಪುಗಳು ಬಂದಿವೆ. ಆ ನೀರನ್ನು ಪಾತಿಯಿಂದ ಪಾತಿಗೆ ಹರಿಸಿ, ಬಿಸಿಲಿಗೆ ಮಂದ ಮಾಡಿ, ಕೊನೆಯ ಪಾತಿಯಲ್ಲಿ ಹರಳುಗಟ್ಟಿಸುತ್ತಾರೆ.

ಆ ಪಾತಿ ತನ್ನಷ್ಟಕ್ಕೆ ಆಗುವುದಿಲ್ಲ. ಮನೆಮಂದಿಯೆಲ್ಲ ಸೇರಿ ಬರಿಗಾಲಲ್ಲಿ ಜೇಡಿಯನ್ನು ದಿನಗಟ್ಟಲೆ ತುಳಿದು ತುಳಿದು, ನಮ್ಮಲ್ಲಿ ಅಂಗಳಕ್ಕೆ ಮಣ್ಣು ಹಾಕಿ ಬಡಿದು ಗಟ್ಟಿ ಮಾಡುತ್ತಿದ್ದರಲ್ಲ ಹಾಗೆ, ನೀರು ಇಂಗದ ನೆಲ ಮಾಡುತ್ತಾರೆ. ಆಮೇಲೆ ದಿನಾ ಮರದ ಹಲುಬೆಯಿಂದ ಕೆಳಗಿನ ಹರಳನ್ನು ಕೆದಕಬೇಕು, ಇಲ್ಲದಿದ್ದರೆ ಬಂಡೆಯಾಗುತ್ತದೆ. ಸೀಸನ್ನಿನ ಶುರುವಿನಲ್ಲಿ ವ್ಯಾಪಾರಿಯಿಂದ ಮುಂಗಡ ಸಾಲ, ಕೊನೆಯಲ್ಲಿ ಉಪ್ಪು ಕೊಟ್ಟು ತೀರುವಳಿ. ಅಂಗಡಿಯಲ್ಲಿ ನಾವು ಪ್ಯಾಕೆಟ್ಟಿಗೆ ಕೊಡುವ ದುಡ್ಡಿನಲ್ಲಿ ಅವರಿಗೆ ಸಿಗುವುದು ಪೈಸೆಗಳ ಲೆಕ್ಕ. ದೇಶದ ಉಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಗುಜರಾತಿನದು. ಅದರಲ್ಲಿ ಚಿಕ್ಕ ರಣದ ಪಾಲು ಸಣ್ಣದಲ್ಲ. ಅಂದರೆ ಇವತ್ತು ನಿಮ್ಮ ಮನೆಯ ಸಾರಿನಲ್ಲಿ ಆ 'ಖಾಲಿ' ಜಾಗ ಇರುವ ಸಾಧ್ಯತೆ ಬಹಳ ಇದೆ.

ಈಗ ಆರು ಬೈಕು ರಾತ್ರಿ ಏಳು ಗಂಟೆಗೆ, ನೇರ ಗೆರೆಯಲ್ಲಿ ಬಂದವು ಅಂತ ಕಲ್ಪಿಸಿಕೊಳ್ಳಿ. ಒಣ ಪಾತಿಯ ಮೇಲೆ ಒಂದು ಸಲ ಚಕ್ರ ಹೋದರೆ ಆ ತುಳಿತವೆಲ್ಲ ನೀರುಪಾಲು, ಅಕ್ಷರಶಃ. ಪದರ ಒಡೆದಲ್ಲಿ ಉಪ್ಪುನೀರು ಇಂಗಿಹೋಗುತ್ತದೆ. ನೆಲದ ಮೇಲೆ ಹಾಸಿದ ಪ್ಲಾಸ್ಟಿಕ್ ಪೈಪು, ಸೋಲಾರಿನ ವೈರು ಹೆಡ್‌ಲೈಟಿಗೆ ಕಾಣುವುದಿಲ್ಲ. ನಿಮಗೆ ಅದು "ಸಣ್ಣ ಬಂಪು ಬಂತು ಅಂಕಲ್". ಅವರಿಗೆ ಎಷ್ಟು ದಿನದ ಕೆಲಸ? ಅಕಾಲ ಮಳೆ ಬಂದರೆ, ನರ್ಮದಾ ಕಾಲುವೆಯ ಹೆಚ್ಚುವರಿ ನೀರು ರಣಕ್ಕೆ ನುಗ್ಗಿದರೆ ಮೊದಲೇ ಅವರ ಕತೆ ಮುಗಿದಿರುತ್ತದೆ. ಅದರ ಮೇಲೆ ನಾವೂ ಬೇರೆ ಹೋಗಬೇಕೇ, ಹೆಲ್ಮೆಟ್ಟು ಹಾಕಿಕೊಂಡು?

ನಾನು ಹೋಗಿದ್ದಾಗ ಒಂದು ಗುಡಿಸಲಿನಲ್ಲಿ ಚಹಾ ಕೊಟ್ಟರು, ರಕಾಬಿಯಲ್ಲಿ, ಗುಜರಾತಿ ಪದ್ಧತಿ. ಟ್ಯಾಂಕರಿನ ನೀರಿನಲ್ಲಿ ಮಾಡಿದ ಚಹಾ. ಟ್ಯಾಂಕರು ಮತ್ತೆ ಬರುವುದು ಯಾವಾಗ ಅಂತ ಕೇಳಿದರೆ ಆ ಮನೆಯ ಯಜಮಾನಿ ನಕ್ಕುಬಿಟ್ಟಳು. ನಿಮ್ಮ ಪಟ್ಟಿಯಲ್ಲಿ 'ಅಡಿಷನಲ್ ವಾಟರ್ - ಲೋಕಲ್ಸ್ ಹತ್ರ ತಗೊಳ್ಳೋದು' ಅಂತ ಇದೆಯಲ್ಲ, ಆ ಸಾಲನ್ನೂ ಹೊಡೆದುಹಾಕಿ. ಮೊದಲ ಪುಟದಲ್ಲಿ ಜಾಗ ಖಾಲಿ, ನಾಲ್ಕನೇ ಪುಟದಲ್ಲಿ ನೀರು ಕೊಡಲು ಲೋಕಲ್ಸ್ ಹಾಜರ್! ಯಾವುದಾದರೂ ಒಂದು ಹೇಳಿ.

'ನೋ ರೂಲ್ಸ್' ವಿಚಾರಕ್ಕೆ ಬರೋಣ. ಚಿಕ್ಕ ರಣದ 4,954 ಚದರ ಕಿಲೋಮೀಟರ್ 1973ರಿಂದ ಕಾಡುಕತ್ತೆಗಳ ಅಭಯಾರಣ್ಯ. ಮುಂಬಯಿ ನಗರ, ಉಪನಗರ ಎರಡೂ ಸೇರಿ ಎಂಟು ಸಲ ಅದರೊಳಗೆ ಹಿಡಿಸುತ್ತವೆ, ಅಷ್ಟು ದೊಡ್ಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮಿನ ಪ್ರಕಾರ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ, ಅಲ್ಲಿ ಹಕ್ಕಿರುವವರಿಗೆ ಬಿಟ್ಟರೆ ಬೇರೆಯವರಿಗೆ ಪರವಾನಗಿ ಇಲ್ಲದೆ ಅಭಯಾರಣ್ಯದೊಳಗೆ ಪ್ರವೇಶವಿಲ್ಲ. ಅಪಾಯವಾಗುವಂತೆ ಬೆಂಕಿ ಹಾಕುವುದು 30ನೇ ಕಲಮಿನಲ್ಲಿ ಬರುತ್ತದೆ. ಬಜಾಣಾ, ಧ್ರಾಂಗಧ್ರಾ ಕಡೆ ಅರಣ್ಯ ಇಲಾಖೆಯ ಪರವಾನಗಿ ಸಿಗುತ್ತದೆ, ಗೈಡು, ಜೀಪು ಸಿಗುತ್ತವೆ. ಅದು ಬಿಟ್ಟು ಜಿಪಿಎಸ್ ಗೆರೆ ಹಿಡಿದು ಹೊರಟರೆ ಅದಕ್ಕೆ ಅಡ್ವೆಂಚರ್ ಅನ್ನುವುದಿಲ್ಲ, ಅತಿಕ್ರಮ ಪ್ರವೇಶ ಅನ್ನುತ್ತಾರೆ. ಇನ್ನು ನಿಮ್ಮ ಪಟ್ಟಿಯ ಕೊನೆಯಲ್ಲಿ ನಾಚಿಕೊಂಡು 'ಬಾಟಲ್ x 4' ಅಂತ ಬರೆದದ್ದು ನೋಡಿದೆ. ಗುಜರಾತಿನಲ್ಲಿ ಪಾನನಿಷೇಧ ಇದೆ, ಭಿಲಾಡ್ ದಾಟುವ ಮೊದಲು ನೆನಪಿಸಿಕೊಳ್ಳಿ.

ಆ ಕಾಡುಕತ್ತೆಗಳು 1960ರ ದಶಕದ ಕೊನೆಗೆ ರೋಗ ಬಡಿದು ಕೆಲವೇ ನೂರಕ್ಕೆ ಇಳಿದಿದ್ದವು. 2020ರ ಗಣತಿಯಲ್ಲಿ 6,082, 2024ರಲ್ಲಿ 7,672. ಈ ದೇಶದಲ್ಲಿ ಇಂಥ ಒಳ್ಳೆಯ ಲೆಕ್ಕ ಸಿಗುವುದೇ ಅಪರೂಪ. ಹುಲ್ಲಿರುವ ಎತ್ತರದ ದಿಬ್ಬಗಳ ಮೇಲೆ, ಅಲ್ಲಿಯವರು 'ಬೇಟ್' ಅನ್ನುತ್ತಾರೆ, ಅವು ಮೇಯುತ್ತವೆ. ಟೆಂಟ್ ಹಾಕಲು ನಿಮಗೆ ಒಣ, ಎತ್ತರದ ಜಾಗ ಬೇಕು. ಅಂದರೆ ಎಲ್ಲಿ ಹಾಕುತ್ತೀರಿ? ಅದೇ ಬೇಟ್ ಮೇಲೆ. ಅವುಗಳ ಪಕ್ಕ ಬೈಕು ಓಡಿಸಿ ಸ್ಪೀಡಿನ ಪಂದ್ಯ ಕಟ್ಟುವ ವಿಡಿಯೋಗಳೂ ಓಡಾಡುತ್ತಿರುತ್ತವೆ. ಹುಲ್ಲು ಕಮ್ಮಿ, ನೀರು ಕಮ್ಮಿ ಇರುವ ಕಡೆ ಒಂದು ಪ್ರಾಣಿಯನ್ನು ಸುಮ್ಮನೆ ಎರಡು ಕಿಲೋಮೀಟರು ಓಡಿಸುವುದು ಅಂದರೆ ಅದರ ಊಟ ಕಿತ್ತುಕೊಂಡ ಹಾಗೆ.

ನಮ್ಮ ಹುಡುಗರ ದೇವರು ಬೆಂಗಳೂರಿನ ಸಿ.ಎಸ್. ಸಂತೋಷ್. ಒಪ್ಪುತ್ತೇನೆ, ನನಗೂ ಹೆಮ್ಮೆ. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, 36ನೇ ಸ್ಥಾನ. 2019ರಲ್ಲಿ ಬೆಂಗಳೂರಿನವಳೇ ಆದ ಐಶ್ವರ್ಯಾ ಪಿಸ್ಸೆ ಬಾಜಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದಳು. ಆದರೆ ಅವರ ಹೆಸರು ಹೇಳಿ ರಣಕ್ಕೆ ಇಳಿಯುವ ಮೊದಲು 2021ರ ಜನವರಿಯನ್ನೂ ನೆನಪಿಡಿ. ಸೌದಿ ಅರೇಬಿಯಾದಲ್ಲಿ ಸಂತೋಷ್ ಬಿದ್ದು ತಲೆಗೆ ಪೆಟ್ಟಾದಾಗ ಹೆಲಿಕಾಪ್ಟರ್ ಬಂತು, ರಿಯಾದ್ ಆಸ್ಪತ್ರೆಗೆ ಒಯ್ದರು, ದಿನಗಟ್ಟಲೆ ಔಷಧಿ ಕೊಟ್ಟು ಪ್ರಜ್ಞೆ ಬಾರದಂತೆ ಮಲಗಿಸಿಟ್ಟರು. ಅಷ್ಟು ವ್ಯವಸ್ಥೆಯ ನಡುವೆ, ಅಂಥ ಸವಾರನಿಗೆ ಹಾಗೆ. ನಿಮ್ಮ ವ್ಯವಸ್ಥೆ ಏನು? ಪಟ್ಟಿಯಲ್ಲಿ ಒಂದು ಫಸ್ಟ್ ಏಡ್ ಬಾಕ್ಸ್ ಇದೆ, ಅದರಲ್ಲಿ ಕ್ರೋಸಿನ್ ಇದೆ.

"ಡಕಾರ್‌ನವರು ಮರುಭೂಮಿಯಲ್ಲಿ ಓಡಿಸಬಹುದು, ನಾವು ಓಡಿಸಬಾರದಾ?" ಅನ್ನುವವರು ಚಿಲಿ ದೇಶದವರನ್ನು ಕೇಳಬೇಕು. ರ‍್ಯಾಲಿ ಆಫ್ರಿಕಾ ಬಿಟ್ಟು 2009ರಲ್ಲಿ ದಕ್ಷಿಣ ಅಮೆರಿಕಕ್ಕೆ ಹೋದ ಮೇಲೆ ಅಲ್ಲಿನ ಪುರಾತತ್ವ ಜಾಗಗಳು ಹಾಳಾದ ಬಗ್ಗೆ ಅಲ್ಲಿನ ಸ್ಮಾರಕ ಮಂಡಳಿಯೇ ದೂರಿತು. ಅಟಕಾಮಾದಲ್ಲಿ ಪ್ರಾಚೀನರು ನೆಲದ ಮೇಲೆ ಬಿಡಿಸಿದ ಚಿತ್ರಗಳ ಮೇಲೆ ಬೈಕು, ಜೀಪುಗಳ ಗೆರೆ ಬಿದ್ದಿದೆ, ಅಳಿಸಲು ಬರುವುದಿಲ್ಲ. 2014ರ ಡಿಸೆಂಬರಿನಲ್ಲಿ ಪೆರುವಿನ ನಾಸ್ಕಾದ ಹಮ್ಮಿಂಗ್‌ಬರ್ಡ್ ಚಿತ್ರದ ಪಕ್ಕ ಹೋಗಿ ಬಟ್ಟೆಯ ಅಕ್ಷರ ಹಾಸಿದವರು ಯಾರು ಗೊತ್ತೇ? ಪರಿಸರ ಉಳಿಸುವ ಗ್ರೀನ್‌ಪೀಸ್‌ನವರು! ಬೈಕೂ ಇರಲಿಲ್ಲ, ಬರೀ ಹೆಜ್ಜೆ. ಆ ಹೆಜ್ಜೆ ಗುರುತೇ ದೊಡ್ಡ ರಾದ್ಧಾಂತವಾಯಿತು. ಮಳೆ ಇಲ್ಲದ ನೆಲ ಏನನ್ನೂ ಮರೆಯುವುದಿಲ್ಲ. ನಮ್ಮ ರಣ ಮಳೆಗಾಲ ಬಂದರೆ ಮರೆಯುತ್ತದೆ, ನಿಜ, ಆದರೆ ನಿಮ್ಮ ಚಕ್ರದ ಗುರುತನ್ನು ಊರಿಗೆ ಹೋಗುವ ದಾರಿ ಅಂದುಕೊಂಡು ಜನವರಿಯಲ್ಲಿ ಇನ್ನೊಬ್ಬ ಹಿಂಬಾಲಿಸುತ್ತಾನೆ. ಅವನು ಎಲ್ಲಿಗೆ ಹೋಗುತ್ತಾನೆ? ನೀವು ದಾರಿ ತಪ್ಪಿದಲ್ಲಿಗೆ.

ನನಗೆ ಬರಬಹುದಾದ ಉತ್ತರಗಳೂ ಗೊತ್ತು. ಅಗರಿಯಾಗಳೇ ಬೈಕು ಓಡಿಸುತ್ತಾರಲ್ಲ? ಓಡಿಸುತ್ತಾರೆ, ತಮ್ಮ ಜಾಡಿನಲ್ಲಿ, ಹಾಲು ಔಷಧಿ ತರಲು. ನಮ್ಮ ಸೊಸೈಟಿಯ ಪೈಪ್‌ಲೈನು ಎಲ್ಲಿದೆ ಅಂತ ನಮಗೆ ಗೊತ್ತಿರುವ ಹಾಗೆ ಅವರಿಗೆ ಪಾತಿ ಎಲ್ಲಿದೆ ಅಂತ ಗೊತ್ತು. ಟೂರಿಸ್ಟು ಬಂದರೆ ಅವರಿಗೇ ದುಡ್ಡು ಅಲ್ಲವೇ? ಅದು ಅರ್ಧ ಸರಿ. ದಸಾಡಾ, ಝೈನಾಬಾದಿನಲ್ಲಿ ಉಳಿದುಕೊಂಡರೆ, ಅಲ್ಲಿಯ ಗೈಡು ಇಟ್ಟುಕೊಂಡರೆ ದುಡ್ಡು ಸಿಗುತ್ತದೆ. ಸ್ವಂತ ಟೆಂಟು, ಸ್ವಂತ ಮ್ಯಾಗಿ, ಸ್ವಂತ ಗ್ಯಾಸು ಹೊತ್ತುಕೊಂಡು ಹೋಗುವವರಿಂದ ಆ ಊರಿಗೆ ಸಿಗುವುದು ಮ್ಯಾಗಿಯ ಖಾಲಿ ಪೊಟ್ಟಣ.

ಇನ್ನೊಂದು ಮಾತು ಇದೆ, ಅದು ಹುಡುಗರಿಗಲ್ಲ, ಅವರ ಅಪ್ಪಂದಿರಿಗೆ, ಅಂದರೆ ನನ್ನ ಓರಗೆಯವರಿಗೆ. ಈ 'ಖಾಲಿ' ಅನ್ನುವ ಶಬ್ದವನ್ನು ಮಕ್ಕಳು ಎಲ್ಲಿ ಕಲಿತರು? "ನಾವು ಬಂದಾಗ ಕಳವಾದಲ್ಲಿ ಏನಿತ್ತು? ಏನೂ ಇರಲಿಲ್ಲ, ಎಲ್ಲ ಖಾಲಿ ಜಾಗ" ಅಂತ ಹೇಳುವವರು ನಾವೇ. ಖಾಲಿ ಇರಲಿಲ್ಲ ಸ್ವಾಮಿ. ಭತ್ತದ ಗದ್ದೆ ಇತ್ತು, ಖಾಡಿಯಲ್ಲಿ ಮೀನಿತ್ತು, ದಡದಲ್ಲಿ ಕಾಂಡ್ಲಾ ಗಿಡಗಳಿದ್ದವು, ಆಗ್ರಿ ಕೋಲಿಗಳ ಊರುಗಳಿದ್ದವು. ನಮ್ಮ ಬಿಲ್ಡಿಂಗ್ ಎದ್ದದ್ದು ಯಾರದ್ದೋ ಗದ್ದೆಯ ಮೇಲೆ. ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಬದಿಯ ಕಾಂಜೂರ್, ಭಾಂಡುಪ್, ಮುಲುಂಡಿನ ಉಪ್ಪಿನಾಗರಗಳಿಗೂ ಇದೇ ಶಬ್ದ ಅಂಟಿತು. 2024ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರ ಮಂತ್ರಿಮಂಡಲ 255.9 ಎಕರೆ ಆಗರದ ಭೂಮಿಯನ್ನು ಧಾರಾವಿಯ ಪುನರ್ವಸತಿ ಮನೆಗಳಿಗೆ ಬಳಸಲು ಒಪ್ಪಿತು. ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲಬೇಕು ಅಂತ ಕೇಳಿದವರಿಗೆ ಉತ್ತರ ಅದೇ, ಖಾಲಿ ಜಾಗ.

ಚಿಕ್ಕ ರಣದ್ದೂ ಇದೇ ಕತೆ. ಸ್ವಾತಂತ್ರ್ಯ ಬಂದ ಮೇಲೂ ಅದನ್ನು ಸರಿಯಾಗಿ ಅಳೆಯದ ಕಾರಣ ಅದಕ್ಕೆ 'ಸರ್ವೆ ನಂಬರ್ ಸೊನ್ನೆ' ಅಂತಲೇ ಹೆಸರು. ತಲೆತಲಾಂತರದಿಂದ ಉಪ್ಪು ಮಾಡುವವರ ಹತ್ತಿರ ಜಮೀನಿನ ಕಾಗದ ಇಲ್ಲ. ಅಭಯಾರಣ್ಯ ಆದ ಮೇಲೆ ಪ್ರತಿ ಸೀಸನ್ನಿನಲ್ಲಿ ಇಳಿಯಲು ಬಿಡುತ್ತಾರೋ ಇಲ್ಲವೋ ಅನ್ನುವ ಹೆದರಿಕೆ ಬೇರೆ. ಕಾಗದದಲ್ಲಿ ಸೊನ್ನೆ ಆದವರನ್ನು ನಕಾಶೆಯಲ್ಲೂ ಸೊನ್ನೆ ಮಾಡಿ ಗೆರೆ ಎಳೆಯಬೇಡಿ ಅನ್ನುವುದಷ್ಟೇ ನನ್ನ ತಕರಾರು.

(ಕಾಡುಕತ್ತೆಯೂ ಇರಬೇಕು, ಅಗರಿಯಾನೂ ಇರಬೇಕು, ಎರಡೂ ಹೇಗೆ ಅಂತ ಕೇಳಬೇಡಿ. ಅವರಿಬ್ಬರೂ ಇಷ್ಟು ವರ್ಷ ಜೊತೆಗೇ ಇದ್ದಾರೆ. ಹೊಸಬರು ನಾವು.)

ಹಾಗಾದರೆ ಹೋಗಲೇಬೇಡವೇ? ಹೋಗಿ. ಖಂಡಿತ ಹೋಗಿ. ರಸ್ತೆಯಲ್ಲಿ ಹೋಗಿ. ಖಾವಡಾದಿಂದ ಧೋಲಾವೀರಾಕ್ಕೆ ಬಿಳಿ ಉಪ್ಪಿನ ನಡುವೆ ಟಾರು ರಸ್ತೆ ಇದೆ, ಎರಡೂ ಕಡೆ ದಿಗಂತದವರೆಗೆ ಏನೂ ಅಡ್ಡ ಇಲ್ಲ. ಚಕ್ರ ರಸ್ತೆ ಬಿಟ್ಟು ಕೆಳಗಿಳಿಯುವ ಅಗತ್ಯವೇ ಬೀಳುವುದಿಲ್ಲ. 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಧೋಲಾವೀರಾಕ್ಕೆ ಅರ್ಧ ದಿನ ಸಾಲದು. ಆ ಹರಪ್ಪನರ ನೀರಿನ ತೊಟ್ಟಿಗಳನ್ನು ನೋಡಿದರೆ ಮರುಭೂಮಿಯಲ್ಲಿ ಪ್ಲ್ಯಾನಿಂಗ್ ಅಂದರೆ ಏನು ಅಂತ ತಿಳಿಯುತ್ತದೆ. ಬನ್ನಿ ಹುಲ್ಲುಗಾವಲಿನ ಹೋಡ್ಕಾದಲ್ಲಿ ಊರವರೇ ನಡೆಸುವ ಶಾಮ್-ಎ-ಸರಹದ್ ಇದೆ, ಟೆಂಟಿನ ಚಟ ಅಲ್ಲೇ ತೀರಿಸಿಕೊಳ್ಳಿ. ಅಲ್ಲಿನ ಎಮ್ಮೆಗಳನ್ನು ನೋಡಿ. ಹುಲ್ಲನ್ನೆಲ್ಲ ತಿಂದುಹಾಕುತ್ತಿರುವ ಒಂದು ಮುಳ್ಳುಗಿಡವನ್ನೂ ನೋಡಿ. ಅವರು ಅದಕ್ಕೆ 'ಗಾಂಡೋ ಬಾವಳ್', ಹುಚ್ಚು ಜಾಲಿ ಅನ್ನುತ್ತಾರೆ. ನಿಮ್ಮ ಪೈಕಿ ಬಳ್ಳಾರಿ, ರಾಯಚೂರು ಮೂಲದವರು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ, ಅದೇ ನಮ್ಮ ಬಳ್ಳಾರಿ ಜಾಲಿ. ಅದನ್ನು 1960ರ ದಶಕದಲ್ಲಿ ಬನ್ನಿಯಲ್ಲಿ ನೆಟ್ಟದ್ದು ಅರಣ್ಯ ಇಲಾಖೆ, ರಣ ಮುಂದೆ ಹಬ್ಬದಿರಲಿ ಅಂತ. ಮಾಲಧಾರಿಗಳು ಇವತ್ತಿಗೂ ಅದನ್ನು ಕೀಳುತ್ತಲೇ ಇದ್ದಾರೆ. ಬಿಳಿ ರಣಕ್ಕೆ ಪರವಾನಗಿ ಭಿರಂಡಿಯಾರಾದಲ್ಲಿ ಸಿಗುತ್ತದೆ. ಖಾವಡಾ ದಾಟಿ ಇಂಡಿಯಾ ಬ್ರಿಜ್ ಆಚೆ ಗಡಿ ಪಡೆಯವರ ಪ್ರದೇಶ, ಅಲ್ಲಿ ನಿಮ್ಮ 'ಎಕ್ಸ್‌ಪ್ಲೋರ್' ನಡೆಯುವುದಿಲ್ಲ.

ಚಿಕ್ಕ ರಣವನ್ನು ಬಿಡಬೇಡಿ. ಬೈಕನ್ನು ಝೈನಾಬಾದಿನಲ್ಲೋ ಬಜಾಣಾದಲ್ಲೋ ನಿಲ್ಲಿಸಿ ಸ್ಥಳೀಯ ಜೀಪಿನಲ್ಲಿ ಒಳಗೆ ಹೋಗಿ. ಹೊರಡುವ ಮೊದಲು ಮುಂಬಯಿಯವಳೇ ಆದ ಫರೀದಾ ಪಾಚಾ 2013ರಲ್ಲಿ ಮಾಡಿದ 'ಮೈ ನೇಮ್ ಈಸ್ ಸಾಲ್ಟ್' ಸಾಕ್ಷ್ಯಚಿತ್ರವನ್ನು ಎಲ್ಲರೂ ಒಟ್ಟಿಗೆ ಕೂತು ನೋಡಿ. ಒಂದೂವರೆ ಗಂಟೆ ಅಷ್ಟೇ, ಒಂದು ಉಪ್ಪಿನ ಕುಟುಂಬದ ಪೂರ್ತಿ ಸೀಸನ್ನು. ಆಮೇಲೂ ನೇರ ಗೆರೆ ಎಳೆಯುವ ಮನಸ್ಸಾದರೆ ನನ್ನ ಹತ್ತಿರ ಬನ್ನಿ, ಮಾತಾಡೋಣ.

ಹೋಗುವ ದಾರಿಯ ಬಗ್ಗೆ ಒಂದೆರಡು ಮಾತು. ವಡೋದರಾ-ಅಹಮದಾಬಾದ್ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕಿಗೆ ಬಿಡುವುದಿಲ್ಲ, ನಿಮ್ಮ ನಕಾಶೆ ಅದರ ಮೇಲೇ ಹೋಗಿದೆ, ಹಳೇ ಹೆದ್ದಾರಿಗೆ ಬದಲಿಸಿ. ಎರಡು ದಿನ ಲಾರಿಗಳ ಹೊಗೆ ಕುಡಿಯುವ ಬದಲು ಬೈಕನ್ನು ರೈಲಿಗೆ ಹಾಕುವುದು ವಾಸಿ. ದಾದರಿನಿಂದ ಸಯಾಜಿನಗರಿ, ಬಾಂದ್ರಾ ಟರ್ಮಿನಸ್‌ನಿಂದ ಕಚ್ಛ್ ಎಕ್ಸ್‌ಪ್ರೆಸ್, ಎರಡೂ ಭುಜ್‌ಗೆ ಹೋಗುತ್ತವೆ. ಪಾರ್ಸೆಲ್ ಆಫೀಸಿಗೆ ಆರ್‌ಸಿ ಬುಕ್ಕಿನ ಝೆರಾಕ್ಸ್ ಒಯ್ಯಿರಿ, ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸುತ್ತಾರೆ, ಗೋಣಿತಾಟು ಸುತ್ತುವವರು ಅಲ್ಲೇ ಹೊರಗೆ ಕೂತಿರುತ್ತಾರೆ. ಕನ್ನಡಿಗಳನ್ನು ಬಿಚ್ಚಿ ನಿಮ್ಮ ಬ್ಯಾಗಿನಲ್ಲೇ ಇಟ್ಟುಕೊಳ್ಳಿ.